ಐದು ಮನೆಯ ಹರಕೆ

14 ಆಗಸ್ಟ್ 2006, ಸೋಮವಾರ

ಚಿಕುನ್‌ಗುನ್ಯಾ, ಒಂಬತ್ತನೇ ದಿನ. ಜ್ವರ ಬಿಟ್ಟಿದೆ, ಮಂಡಿ ಬಿಟ್ಟಿಲ್ಲ. ಸ್ಕೂಲಿಗೆ ಇನ್ನೊಂದು ವಾರದ ರಜೆ ಚೀಟಿ ಕಳಿಸಿದೆ. ಹತ್ತನೇ ಕ್ಲಾಸಿಗೆ ಗಣಿತ ಯಾರು ಮಾಡುತ್ತಾರೋ.

ಟಿವಿ ರಿಮೋಟ್ ಕೆಟ್ಟಿದೆ. ಎದ್ದು ಚಾನೆಲ್ ಬದಲಾಯಿಸುವ ಶಕ್ತಿ ಇಲ್ಲ. ಹಾಗಾಗಿ ಬಂದದ್ದನ್ನೇ ನೋಡುವುದು. ಜಪಾನಿನ ಕಾರ್ಟೂನ್. ಕಣ್ಣು ತಟ್ಟೆಯಗಲ, ಕೂದಲು ನೀಲಿ. ಮಾತೆಲ್ಲ ಇಂಗ್ಲಿಷ್. ಒಂದು ಮೋಸಗಾರರ ಗುಂಪು — ಒಬ್ಬ ಮುದುಕ, ಒಬ್ಬಳು ದರ್ಜಿ, ಒಬ್ಬ ಅಡುಗೆಯವನು. ದುಡ್ಡಿನ ಮದದಲ್ಲಿರುವವರನ್ನು ಹುಡುಕಿ ಟೋಪಿ ಹಾಕುತ್ತಾರೆ. ನಲವತ್ತೊಂಬತ್ತು ವರ್ಷದ ಟೀಚರ್ ನೋಡುವಂಥದ್ದಲ್ಲ. ಮೂರು ಕಂತು ನೋಡಿದೆ.

17 ಆಗಸ್ಟ್, ಗುರುವಾರ

ಇವತ್ತು ಗೋಡೆ ಹಿಡಿದು ನಡೆದೆ. ಸುಮ್ಮನಿರಲಾರದೆ ಗೊಂಬೆ ಪೆಟ್ಟಿಗೆ ತೆಗೆದೆ. ತೆಗೆಯಬಾರದಿತ್ತು.

ನಮ್ಮ ಪಟ್ಟದ ಗೊಂಬೆ ಅಲ್ಲ ಇವು.

ಅಜ್ಜಿಯ ಮದುವೆಯಲ್ಲಿ ಅವಳ ತೌರಿನವರು ಕೊಟ್ಟ ರಾಜ–ರಾಣಿ. ರಕ್ತಚಂದನದವು. ರಾಜನ ಪಾದದಡಿ ಒಂದು ಬಿರುಕು, ಅಜ್ಜಿ ಅರಗು ತುಂಬಿದ್ದಳು. ರಾಣಿಗೆ ಕೆಂಪು ಹರಳಿನ ಮೂಗುಬೊಟ್ಟು. ಇದರಲ್ಲಿ ಬಿರುಕಿಲ್ಲ, ಅರಗಿಲ್ಲ, ಮೂಗುಬೊಟ್ಟಿಲ್ಲ. ಮೂಸಿದರೆ ಹೊಸ ಪಾಲಿಶ್ ವಾಸನೆ.

ಜೂನ್‌ನಲ್ಲಿ ಒಬ್ಬ ಬಂದಿದ್ದ. ಪ್ರದ್ಯುಮ್ನ ಅಂತ ಹೆಸರು. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಕ್ಯಾಮೆರಾ. ಹಳೆಯ ಗೊಂಬೆಗಳನ್ನು ಕಾಪಾಡುವ ಟ್ರಸ್ಟ್ ಅಂದ. ಫೋಟೋ ತೆಗೆದುಕೊಂಡ. ಮತ್ತೆ ಬಂದು, ‘ಹುಳು ಹಿಡಿಯುತ್ತೆ ಮೇಡಂ, ಎಣ್ಣೆ ಕೊಟ್ಟು ತಂದುಕೊಡ್ತೀನಿ’ ಎಂದು ಒಯ್ದ. ಹದಿನೈದು ದಿನಕ್ಕೆ ಸರಿಯಾಗಿ ತಂದ. ಬಟ್ಟೆಯಲ್ಲಿ ಸುತ್ತಿತ್ತು. ಬಿಚ್ಚಿ ನೋಡದೆ ‘ಸುಸ್ಥಿತಿಯಲ್ಲಿ ತಲುಪಿದೆ’ ಎಂದು ಸಹಿ ಹಾಕಿದೆ. ಮಕ್ಕಳಿಗೆ ಉತ್ತರ ತಾಳೆ ನೋಡಿ ಎಂದು ದಿನಾ ಬಡಿದುಕೊಳ್ಳುವವಳು ನಾನು!

ಅಮ್ಮ ಅರಕಲಗೂಡಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಅವಳಿಗೆ ಕಣ್ಣು ಹೋಗಿ ಆರು ವರ್ಷ. ಆದರೂ ಪ್ರತಿ ದಸರಾಕ್ಕೆ ಆ ಗೊಂಬೆಗಳಿಗೆ ಉಡಿಸುವುದು ಅವಳೇ. ಕೈಯಿಟ್ಟ ಕ್ಷಣ ಗೊತ್ತಾಗುತ್ತದೆ. ನಮ್ಮಲ್ಲಿ ಗೊಂಬೆ ಕೂರಿಸುವುದು ಸರಸ್ವತಿ ಪೂಜೆಯಿಂದ. ಸೆಪ್ಟೆಂಬರ್ 29. ಅಷ್ಟರೊಳಗೆ ತರಬೇಕು. ತರುತ್ತೇನೆ.

21 ಆಗಸ್ಟ್

ಪೊಲೀಸ್ ಸ್ಟೇಷನ್. ಎದುರಿಗಿದ್ದವರು ನನ್ನ ಸಹಿ ಇದ್ದ ಕಾಗದವನ್ನು ಎರಡು ಸಲ ಓದಿದರು.

‘ಮೇಡಂ, ಗೊಂಬೆ ಕೊಟ್ರಿ. ಗೊಂಬೆ ವಾಪಸ್ ಬಂತು. ನಾನೇನಂತ ಬರ್ಕಳ್ಳಿ?’

ಅವರದೂ ತಪ್ಪಿಲ್ಲ. ಟೀ ಕೊಟ್ಟು ಕಳಿಸಿದರು. ದಾರಿಯುದ್ದಕ್ಕೂ ಅಳು ಬಂತು — ಸಿಟ್ಟಿನ ಅಳು.

ಸಂಜೆ ಪಕ್ಕದ ಮನೆಯ ಜಯಲಕ್ಷ್ಮಮ್ಮನಿಗೆ ಎಲ್ಲ ಹೇಳಿದೆ. ಡೇರಿಗೆ ಹಾಲು ಹಾಕಿ ಬಂದವರು ಕ್ಯಾನ್ ಕೆಳಗಿಟ್ಟು ಕೇಳಿದರು. ‘ಅವ್ನ ಮನೆ ಎಲ್ಲೈತೆ ಅಂತ ಒಂದ್ ದಪ ಗೊತ್ತಾಗ್ಲಿ ಟೀಚರಮ್ಮ. ಆಮ್ಯಾಕೆ ನೋಡ್ಕಳಾನ.’

ಆರು ಗಂಟೆಗೆ ಕಾರ್ಟೂನ್. ಈ ಸಲ ನೋಟ್ಸ್ ಮಾಡಿಕೊಂಡೆ. ಮುದುಕ ಹೇಳಿದ್ದು: ನಾವು ಕದಿಯುವವರಲ್ಲ. ಎದುರಿನವರೇ ಕೈಯಾರೆ ಎತ್ತಿ ಕೊಡಬೇಕು. ಅದಕ್ಕೆ ಅವರು ಇಲ್ಲವೆನ್ನಲಾಗದ ಒಂದು ಮಾತು ಬೇಕು.

ಆ ಮಾತು ಯಾವುದು?

3 ಸೆಪ್ಟೆಂಬರ್, ಭಾನುವಾರ

ಚನ್ನರಾಯಪಟ್ಟಣ. ನಕಲಿ ಗೊಂಬೆ ಬ್ಯಾಗಿನಲ್ಲಿಟ್ಟುಕೊಂಡು ಬಸ್ ಹತ್ತಿದೆ. ಮರದ ಕೆಲಸದವರನ್ನು ಕೇಳುತ್ತಾ ಹೋದೆ. ನಾಲ್ಕನೆಯವನು ತಿಮ್ಮಪ್ಪ. ಗೊಂಬೆ ನೋಡಿದ ಕೂಡಲೇ ಮುಖ ಅರಳಿತು.

‘ನಾನೇ ಮಾಡಿದ್ದು ಕಣವ್ವ! ಸಂದಾಗೈತಾ? ಆಸನದೋರು ಮಾಡ್ಸಿದ್ರು. ಮದುವೆಲಿ ಕೊಡಾಕೆ ಅಂದ್ರು.’

ಪಾಪದ ಮನುಷ್ಯ. ಮಾದರಿಗೆ ಕೊಟ್ಟಿದ್ದ ಫೋಟೋಗಳನ್ನೂ ತಂದು ತೋರಿಸಿದ. ಐದು ಫೋಟೋ. ಒಂದರಲ್ಲಿ ನಮ್ಮ ಮನೆಯ ಬೆಂಚು, ಅದರ ಮೇಲೆ ನಮ್ಮ ರಾಜ–ರಾಣಿ. ಪ್ರತಿಯೊಂದರ ಹಿಂದೆಯೂ ಹೆಸರು, ಊರು. ಅರಕಲಗೂಡಿನವು ಎರಡು, ಚನ್ನರಾಯಪಟ್ಟಣದ್ದೊಂದು, ದೊಡ್ಡಗದ್ದವಳ್ಳಿಯದೊಂದು, ನಮ್ಮದೊಂದು. ವಿಷಯ ಹೇಳಿದೆ. ತಿಮ್ಮಪ್ಪ ಉಳಿ ಕೆಳಗಿಟ್ಟ. ಆಮೇಲೆ ಆರ್ಡರ್ ಚೀಟಿ ತಂದುಕೊಟ್ಟ. ಅದರಲ್ಲಿ ಹಾಸನದ ವಿಳಾಸ, ಫೋನ್ ನಂಬರ್.

ಫೋಟೋದ ಹಿಂದಿನ ಹೆಸರುಗಳನ್ನೂ ಬರೆದುಕೊಂಡೆ. ಯಾಕೋ ಗೊತ್ತಿಲ್ಲ. ಅವರ ಪಾಡು ಅವರಿಗೆ. ನನಗೆ ನಮ್ಮದು ಸಿಕ್ಕರೆ ಸಾಕು.

24 ಸೆಪ್ಟೆಂಬರ್, ಭಾನುವಾರ

ನವರಾತ್ರಿ ಎರಡನೇ ದಿನ. ಜಯಲಕ್ಷ್ಮಮ್ಮ ಚೀಟಿಯ ವಿಳಾಸ ಹಿಡಿದು ಹಾಸನಕ್ಕೆ, ಆ ಪ್ರದ್ಯುಮ್ನನ ಮನೆಗೆ ಹೋಗಿ ನೋಡಿ ಬಂದರು. ಗೊಂಬೆ ನೋಡಲು ಬಂದ ಹೆಂಗಸನ್ನು ಯಾರು ತಾನೇ ಬೇಡವೆನ್ನುತ್ತಾರೆ? ಗುರುತಿರಲಿ, ಇಲ್ಲದಿರಲಿ.

‘ಮ್ಯಾಗಲ ಮೆಟ್ಲಲ್ಲಿ ಐದು ಜೊತೆ ಮಡಗವ್ರೆ ಟೀಚರಮ್ಮ. ನಿಮ್ದು ಬಲಗಡೆಲಿ ಕೊನೇದು. ಯೆಂಗ್ಸು ಒಳ್ಳೇಳ್ ಇದ್ದಂಗೈತೆ. ಶ್ರೀಗೌರಿ ಅಂತೆ. ಗಂಡ ಹಳೆ ಮನೆಗೋಳಿಂದ ಕೊಂಡ್ಕಂಡ್ ಬತ್ತಾನೆ ಅಂದ್ಲು. ಸಂಜೆ ಯೆಂಗಸ್ರು ಬರೋವೊತ್ಗೆ ಆವಯ್ಯ ಆಚ್ಗೋಯ್ತಾನೆ. ಅಬ್ಬ ಮುಗೀತಿದ್ದಂಗೆ ಬೆಂಗ್ಳೂರೋರು ಬಂದು ತಕಂಡೋಯ್ತಾರಂತೆ.’

ಬಟ್ಟಲು ಉಸಲಿ ತಿಂದು, ಒಂದು ಹಾಡೂ ಹೇಳಿ ಬಂದಿದ್ದಾರೆ ಮಹಾರಾಯ್ತಿ.

ಇಲ್ಲವೆನ್ನಲಾಗದ ಮಾತು ಸಿಕ್ಕಿತು. ಹರಕೆ. ಪಟ್ಟದ ಗೊಂಬೆಗೆ ಸೀರೆ ಉಡಿಸುವ ಹರಕೆ. ಒಂದೇ ಕೆಂಪು ರವಿಕೆ ಖಣದಲ್ಲಿ ಎರಡು ಜೊತೆ ಉಡುಪು ಹೊಲಿದೆವು, ಚೂರೂ ವ್ಯತ್ಯಾಸವಿಲ್ಲದಂತೆ. ನಕಲಿಗೊಂದು, ಅಸಲಿಗೊಂದು. ಉಡಿಸುವ ನೆಪದಲ್ಲಿ ಅದಲುಬದಲು. ದೇವರ ಹೆಸರಲ್ಲಿ ಸುಳ್ಳು ಹೇಳಬೇಕಲ್ಲ. ಆದರೂ ಸೂಜಿ ನಿಲ್ಲಿಸಲಿಲ್ಲ.

ಸಂಜೆ ಕಾರ್ಟೂನಿನ ಕೊನೆಯ ಕಂತು. ಅರ್ಧಕ್ಕೆ ಕರೆಂಟ್ ಹೋಯಿತು. ಅವರು ಸಿಕ್ಕಿಬಿದ್ದರೋ ಇಲ್ಲವೋ, ಗೊತ್ತಾಗಲಿಲ್ಲ.

28, ಗುರುವಾರ — ಬೆಳಿಗ್ಗೆ 6

ಅಮ್ಮ ನಾಳೆ ಬೆಳಿಗ್ಗೆ ಬರುತ್ತಾಳೆ. ಇವತ್ತೇ ಆಗಬೇಕು. ಮಂಡಿಗೆ ಎರಡು ಮಾತ್ರೆ ನುಂಗಿದ್ದೇನೆ.

ಅದೇ ದಿನ — ಸಂಜೆ 7.30

ಕ್ರಮವಾಗಿ ಬರೆಯಬೇಕು.

ನಾಲ್ಕೂವರೆಗೆ ಒಳಗೆ ಹೋದೆವು. ಶ್ರೀಗೌರಿ ಮೂವತ್ತರ ಹೆಂಗಸು, ಮೆಲುದನಿ. ಹರಕೆ ಅಂದೆ. ‘ಎಷ್ಟು ಮನೆ?’ ಎಂದು ಕೇಳಿದಳು. ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ‘ಐದು,’ ಬಂತು ಬಾಯಿಗೆ. ‘ಇದೇ ಮೊದಲನೇದು.’

ಅವಳೇ ಸ್ಟೂಲ್ ಹತ್ತಿ, ನಾನು ತೋರಿಸಿದ ಜೋಡಿಯನ್ನು ಇಳಿಸಿ ನನ್ನ ಮಡಿಲಲ್ಲಿಟ್ಟಳು. ಕೈಯಾರೆ. ರಾಜನನ್ನು ಹಿಡಿದ ಕೂಡಲೇ ಹೆಬ್ಬೆರಳು ತಾನಾಗಿಯೇ ಪಾದದಡಿಗೆ ಹೋಯಿತು. ಅರಗು. ಇದೆ. ರಾಣಿಯ ಮೂಗು ನೋಡಿದೆ. ಬರಿದು.

ತಲೆಯೆತ್ತಿದರೆ ಶ್ರೀಗೌರಿ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದಾಳೆ.

‘ಅಲ್ಲೊಂದು ಬಿರುಕಿದೆ ಅಂತ ನೋಡದೆ ಹೇಗೆ ಗೊತ್ತಾಯ್ತು?’

ನಾವು ಅಂದುಕೊಂಡಿದ್ದ ಪ್ರಕಾರ ಇಂಥ ಹೊತ್ತಿಗೆ ಜಯಲಕ್ಷ್ಮಮ್ಮ ಕುಂಕುಮ ಚೆಲ್ಲಿ ಗಲಾಟೆ ಎಬ್ಬಿಸಬೇಕಿತ್ತು. ಕುಂಕುಮದ ಬಟ್ಟಲು ಅವರ ಕೈಯಲ್ಲೇ ಇತ್ತು. ಶ್ರೀಗೌರಿ ಎದ್ದಳು. ‘ಉಡಿಸ್ತಿರಿ. ಬಾಗಿನ ತರ್ತೀನಿ,’ ಎಂದು ಒಳಗೆ ಹೋದಳು. ಬರಲು ಬಹಳ ಹೊತ್ತು ಮಾಡಿದಳು.

ಮೊದಲೇ ಉಡಿಸಿ ತಂದಿದ್ದ ನಕಲಿ ಮೆಟ್ಟಿಲೇರಿತು. ಅಸಲಿ ಬ್ಯಾಗಿಗೆ ಬಂತು.

ಹೊರಗೆ ಬಂದರೆ ಗೇಟಿನಲ್ಲಿ ಸ್ಕೂಟರ್. ಪ್ರದ್ಯುಮ್ನ! ನಾನು ಬಗ್ಗಿ ಚಪ್ಪಲಿಯ ಬಕಲ್ ಹಾಕುತ್ತಲೇ ಇದ್ದೆ, ಅವನು ದಾಟಿ ಹೋಗುವವರೆಗೂ. ಜಯಲಕ್ಷ್ಮಮ್ಮ ಅಡ್ಡ ನಿಂತು, ‘ಗೊಂಬೆ ಬೋ ಪಸಂದಾಗವೆ ಸಾ!’ ಅಂದರು. ಬಸ್ಸಿನಲ್ಲಿ ಇಬ್ಬರೂ ನಕ್ಕೂ ನಕ್ಕೂ ಕಣ್ಣಲ್ಲಿ ನೀರು.

ಗೆದ್ದೆ.

29, ಶುಕ್ರವಾರ. ಸರಸ್ವತಿ ಪೂಜೆ

ಅಮ್ಮ ಬಂದಳು. ಕೈಕಾಲು ತೊಳೆದವಳೇ ಗೊಂಬೆ ಕೇಳಿದಳು. ಕೊಟ್ಟೆ. ರಾಜನ ಪಾದ ಸವರಿದಳು. ಮುಖ ಶಾಂತವಾಯಿತು. ರಾಣಿಯನ್ನು ಸವರಿದಳು. ಮೂಸಿದಳು.

‘ಯಾರ ಮನೆಗೆ ಹೋಗಿದ್ವೇ ಇವು? ನಮ್ಮನೆ ಊದುಬತ್ತಿ ವಾಸನೆ ಅಲ್ಲ ಇದು. ಮೂಗುಬೊಟ್ಟೂ ಇಲ್ಲ.’

ಎಲ್ಲ ಹೇಳಿದೆ, ಹರಕೆಯ ಸುಳ್ಳಿನ ಸಮೇತ. ಬೈಗುಳಕ್ಕೆ ಕಾದೆ. ಅವಳು ಶ್ರೀಗೌರಿ ಕೊಟ್ಟ ಬಾಗಿನದ ಪೊಟ್ಟಣ ಬಿಚ್ಚಿ ಹುರಿಗಡಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ತಟ್ಟನೆ ನಿಲ್ಲಿಸಿ ಅಂಗೈಗೆ ಉಗಿದಳು.

‘ಇದು ಕಡಲೆ ಅಲ್ಲ ಕಣೇ.’

ಕೆಂಪು ಹರಳು. ರಾಣಿಯ ಮೂಗುಬೊಟ್ಟು.

ಗೋಡೆಗೊರಗಿ ಕೂತುಬಿಟ್ಟೆ. ಗೊತ್ತಿತ್ತು ಶ್ರೀಗೌರಿಗೆ! ಗೊತ್ತಿದ್ದೇ ಒಳಗೆ ಹೋದಳು. ನಾನು ಗೆದ್ದದ್ದಲ್ಲ, ಅವಳು ಕೊಟ್ಟದ್ದು. ಗಂಡನ ಮನೆಯಲ್ಲಿ ಕೂತು, ಒಬ್ಬಳೇ.

ಅಮ್ಮ ಹರಳನ್ನು ಸೆರಗಿನಲ್ಲಿ ಒರೆಸುತ್ತಾ ಹೇಳಿದಳು: ‘ಗೊಂಬೆ ತಂದಿದ್ದಕ್ಕೆ ನಾನು ಬೈಯಲ್ಲ. ಆದ್ರೆ ಹರಕೆ ಅಂತ ಬಾಯಿಬಿಟ್ಟು ಹೇಳಿದೀಯ. ಹೇಳಿದ ಮೇಲೆ ಅದರಲ್ಲಿ ಸುಳ್ಳು, ನಿಜ ಅಂತ ಇಲ್ಲ. ಐದು ಅಂದ್ರೆ ಐದು. ಇನ್ನು ನಾಲ್ಕು ಯಾರದ್ದೇ?’

ಡೈರಿ ತೆಗೆದೆ. 3 ಸೆಪ್ಟೆಂಬರ್. ಹೆಸರುಗಳು ಇದ್ದವು. ಅದರ ಕೆಳಗೆ ನಾನೇ ಬರೆದ ಸಾಲೂ ಇತ್ತು — ಅವರ ಪಾಡು ಅವರಿಗೆ. ಅಮ್ಮನಿಗೆ ಅದನ್ನು ಓದಿ ಹೇಳಲಿಲ್ಲ. ನಾಚಿಕೆಯಾಯಿತು.

1 ಅಕ್ಟೋಬರ್, ಭಾನುವಾರ

ಎರಡು ದಿನ ಬರೆಯಲು ಪುರುಸೊತ್ತಿಲ್ಲ. ಅರಕಲಗೂಡು, ಚನ್ನರಾಯಪಟ್ಟಣ, ದೊಡ್ಡಗದ್ದವಳ್ಳಿ. ಮಂಡಿ ಮತ್ತೆ ಊದಿದೆ. ನಾಲ್ಕು ಮನೆಯವರೂ ನಕಲಿಯನ್ನೇ ಕೂರಿಸಿ ಆರತಿ ಎತ್ತುತ್ತಿದ್ದರು. ಒಬ್ಬರಿಗೂ ಗೊತ್ತಿರಲಿಲ್ಲ. ದೊಡ್ಡಗದ್ದವಳ್ಳಿಯ ಸಣ್ಣಕ್ಕ ಗೊಂಬೆಯ ಬೆನ್ನು ತಿರುಗಿಸಿ ನೋಡಿ, ಅಲ್ಲಿರಬೇಕಾದ ಹಳೆಯ ಗುರುತು ಕಾಣದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಒಂದೇ ಮಾತು: ‘ಯಾವತ್ತು ಓಗಾದು?’

ಸಂಜೆ ಹಾಸನಕ್ಕೆ ಫೋನ್ ಮಾಡಿದೆ. ಪುಣ್ಯಕ್ಕೆ ಶ್ರೀಗೌರಿಯೇ ಎತ್ತಿದಳು.

‘ಹರಕೆ ಇನ್ನೂ ನಾಲ್ಕಿದೆ. ನಾಳೆ ಬೆಳಿಗ್ಗೆ ಬರ್ತೀವಿ.’

‘ಬನ್ನಿ.’ ದನಿ ತಗ್ಗಿಸಿ, ‘ನಾಳೆ ಅವರೂ ಮನೇಲಿರ್ತಾರೆ.’

ಬರಬೇಡಿ ಎಂದಳೋ, ಎಚ್ಚರಿಕೆಯಿಂದ ಬನ್ನಿ ಎಂದಳೋ. ಹೋಗುವುದಂತೂ ಹೋಗುವುದೇ.

2 ಅಕ್ಟೋಬರ್, ವಿಜಯದಶಮಿ — ಬಸ್ಸಿನಲ್ಲಿ

ಮೂವರು ಹಾಸನ ಬಸ್‌ಸ್ಟ್ಯಾಂಡಿಗೆ ನೇರ ಬರುತ್ತಾರೆ. ಸಣ್ಣಕ್ಕ ನಿನ್ನೆ ನನ್ನ ಜೊತೆಯೇ ಬಂದು ನಮ್ಮಲ್ಲಿ ಉಳಿದರು. ಜಯಲಕ್ಷ್ಮಮ್ಮ ಹಾಲಿನ ಡೇರಿಗೆ ರಜೆ ಹೇಳಿದ್ದಾರೆ, ಹದಿನೆಂಟು ವರ್ಷದಲ್ಲಿ ಮೊದಲ ಸಲವಂತೆ.

ಇವತ್ತು ಸಂಜೆ ಪಟ್ಟದ ಗೊಂಬೆಗಳನ್ನು ಮಲಗಿಸಬೇಕು. ಅವು ಅವರವರ ಮನೆಯಲ್ಲೇ ಮಲಗಬೇಕು. ಈ ಸಲ ಎರಡು ಜೊತೆ ಉಡುಪಿಲ್ಲ. ಬದಲು ಇಡುವುದಿಲ್ಲ. ಪ್ರದ್ಯುಮ್ನನೆದುರಿಗೇ ಕೇಳುತ್ತೇವೆ. ಅವನ ನಕಲಿಗಳನ್ನು ಅವನ ಮುಂದೆಯೇ ಸಾಲಾಗಿ ಇಡುತ್ತೇವೆ.

9.10

ಮನೆಯ ಎದುರಿನ ಅಂಗಡಿ ಕಟ್ಟೆ. ಅಂಗಡಿ ಮುಚ್ಚಿದೆ. ಬಿಸಿಲಿನಲ್ಲಿ ಆರು ಜನ ಹೆಂಗಸರು. ಸ್ಕೂಟರಿಗೆ ನಿನ್ನೆಯ ಆಯುಧಪೂಜೆಯ ಹಾರ ಹಾಗೇ ಇದೆ. ಒಳಗೆ ಅವನ ದನಿ ಏರಿದೆ. ಏನೋ ಬಿದ್ದ ಸದ್ದು. ಸಣ್ಣಕ್ಕ ನನ್ನ ಕೈ ಹಿಡಿದರು. ‘ಏನಾರ ಆಗ್ಲಿ, ಓಗಾನ ನಡೀರಿ,’ ಅಂದರು ಜಯಲಕ್ಷ್ಮಮ್ಮ.

ಏಳುತ್ತಿದ್ದೇನೆ. ಪೆನ್ನು ಒಳಗಿಡಬೇಕು — ಬಾಗಿಲು ತೆರೆಯಿತು. ಶ್ರೀಗೌರಿ. ಒಬ್ಬಳೇ ಹೊರಗೆ ಬರುತ್ತಿದ್ದಾಳೆ. ಅವಳ ಎರಡು ಕೈಯಲ್ಲೂ ಗೊಂಬೆಗಳು.