ಪರದೆಯ ಹಗ್ಗ

ರಿಪ್ಪನ್‌ಪೇಟೆ

ಹೈಸ್ಕೂಲಿನ ಸಂಗೀತದ ಮೇಷ್ಟ್ರಿಗೆ,

ಸುಚಿತ್ರಾಳ ಅಜ್ಜಿ ಬರೆಯುತ್ತಿದ್ದೇನೆ. ನಾಳೆ ಹಾಡಿನ ನಾಟಕದಲ್ಲಿ ರಾಣಿಯಾದ ಅವಳ ಮೇಲೆ ಮಿಣುಕುವ ಲೈಟು ಬಿಡುತ್ತೀರಂತೆ. ಬಿಡಬೇಡಿ. ಅಂಥ ಬೆಳಕು ಕಂಡರೆ ಅವಳಿಗೆ ಫಿಟ್ಸ್ ಬರುತ್ತದೆ. "ಹೇಳಿದ್ರೆ ನನ್ನ ತೆಗ್ದುಹಾಕ್ತಾರೆ, ಸುಮ್ನಿರಜ್ಜಿ" ಅಂತ ಗೋಗರೆದಳು. ತೆಗೆದರೆ ನಿಮ್ಮನ್ನು ಸುಮ್ಮನೆ ಬಿಡುವವಳಲ್ಲ ನಾನು. ಅವಳು ಹಾಡಲಿ.

ಅಕಸ್ಮಾತ್ ಬಿದ್ದರೆ ಕೈಗೆ ಕಬ್ಬಿಣದ ಕೀಲಿಕೈ ತುರುಕಬೇಡಿ, ಮಗ್ಗುಲಿಗೆ ಮಲಗಿಸಿ. ಅದಕ್ಕೂ ಮೊದಲು ಪರದೆ ಎಳೆಯಿರಿ. ನಾಲ್ಕನೇ ಕ್ಲಾಸಿನಲ್ಲಿ ನಾನು ಹಾಗೇ ಬಿದ್ದಾಗ ಎಳೆಯಲು ಪರದೆ ಇರಲಿಲ್ಲ. ಎಲ್ಲರೂ ನೋಡಿದರು. ಮಾರನೇ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ.

ಪರದೆಯ ಹಗ್ಗದ ಪಕ್ಕ ಕೂರಲು ನನಗೊಂದು ಜಾಗ ಕೊಡಿ.

ಗುತ್ಯಮ್ಮ