ದಂಡಿಗೆ ಉಳಿಸಿದ ಶ್ಯಾವಂತಿಗಿ

ವಿದ್ಯಾ,

ನೀ ಏಳೂದರಾಗ ನಾ ಹುಕ್ಕೇರಿ ಬಸ್ ಹತ್ತಿರತೇನಿ. ನಿಮ್ಮಪ್ಪ ಫೋನ್ ಎತ್ತವಲ್ಲ, ಅದಕ್ಕ ಮನಿಗೇ ಹೊಂಟೇನಿ. ನಮ್ಮ ಹುಡುಗನ್ನ ಮೆಚ್ಚಿ ಲಗ್ನ ಆದಿ ಅಂತ ಇನ್ನೂ ಎಷ್ಟ ದಿನ ಮಾರಿ ತಿರುವಿ ಕುಂದರತಾರ?

ಬುಟ್ಟಿಯಾಗ ರೊಟ್ಟಿ ಅದಾವು, ಉಣ್ಣು. ಬಸುರಿ ಕೊಡ ಎತ್ತಬಾರದು ಅಂತ ಎಷ್ಟ ಸಲ ಹೇಳಬೇಕು? ಗಿಡಕ್ಕ ನಿನ್ನ ಗಂಡ ನೀರ ಹಾಕಲಿ.

ನಿಮ್ಮವ್ವ ನಿಮ್ಮಪ್ಪಗ ಕಾಣಧಂಗ ಕದ್ದು ಕಳಿಸಿದ ಶ್ಯಾವಂತಿಗಿ ಗಿಡ ಈ ಥಂಡ್ಯಾಗ ಮಸ್ತ ಅರಳಾಕತ್ತೈತಿ. ನಾಕು ಹೂ ಹರಕೊಂಡ ಹೊಂಟೇನಿ. ನಿಮ್ಮಪ್ಪನ ಮುಂದಿಟ್ಟು, "ಬೀಗರ, ನಿಮ್ಮ ಮನಿ ಗಿಡ ನಮ್ಮ ಹಿತ್ತಲದಾಗ ಹ್ಯಾಂಗ ಐತಿ ನೋಡ್ರಿ" ಅಂತೇನಿ. ಜಗಳ ತಗಿಯೂದಿಲ್ಲ, ನಿನ್ನಾಣಿ.

ಉಳಿದ ಹೂ ದೇವರಿಗೂ ಹರೀಬ್ಯಾಡ. ಬಸುರಿ ಉಡಿ ತುಂಬೂ ಕುಬಸದ ದಿನ ನಿನ್ನ ಜಡಿಗೆ ಹೂವಿನ ದಂಡಿ ನಿಮ್ಮವ್ವನೇ ಕಟ್ಟಬೇಕು. ಅಕೀನ್ನ ಕಳಿಸಲಿಲ್ಲಂದ್ರ ನಾನೇ ಕಟ್ಟತೇನಿ. ಸೊಟ್ಟ ಆದ್ರ ನಗಬ್ಯಾಡ.

ಅತ್ತಿ