ಅತ್ತೆ ಸಹಿ ಹಾಕದ ಅಧ್ಯಾಯ

ಫೆಬ್ರವರಿ 2, ಬೆಳಗ್ಗೆ 8:20

ಮತ್ತೆ ಲೇಟು. ಒಂದು ಕಾಲಿಗೆ ಚಪ್ಪಲಿ, ಬಾಯಲ್ಲಿ ಬ್ರೆಡ್ಡು. ಅತ್ತೆ ಮಹಡಿ ಕಿಟಕಿಯಿಂದ ಕೂಗಿದಳು— "ಓಡೇ, ತಿರುವಿನಲ್ಲಿ ಹದಿನಾಲ್ಕನೇ ನಂಬರ್ ಬರ್ತಿದೆ!" ಓಡಿದೆ, ಸಿಕ್ಕಿತು. ಬಸ್ಸಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರಗಳು ಕುಣಿಯುತ್ತಿವೆ.

ಪ್ರಬಂಧದ ಮೂರನೇ ಅಧ್ಯಾಯ ಮುಗಿಯಿತು! ಸಿಗದ್ದನ್ನು ಬೇಡವೆಂದುಕೊಳ್ಳುವ ಮನಸ್ಸು— ಹೆಣ್ಣಿಗೆ ಆಯ್ಕೆಯನ್ನೇ ಕೊಡದೆ, ಆಮೇಲೆ ಅವಳ ಬಾಯಲ್ಲೇ 'ನನಗಿದೇ ಇಷ್ಟ' ಅನ್ನಿಸುವುದು. ಉದಾಹರಣೆ ನಮ್ಮ ಅತ್ತೆ, ಅಪ್ಪನ ತಂಗಿ. ಓದಲೆಂದು ನಾನಿರುವುದು ಅವಳ ಮನೆಯಲ್ಲೇ. ಚಿಕ್ಕವಳಿದ್ದಾಗ ಕಣ್ಣಿಗೆ ಚೆಂಡಿನ ಪೆಟ್ಟಾಗಿ ದೂರದ್ದು ಮಂಜು. ಅದಕ್ಕೇ ಮದುವೆ ಆಗಲಿಲ್ಲ, ಟೈಲರಿಂಗ್ ಅಂಗಡಿಯಲ್ಲೇ ಬದುಕು. ಬರೆಯುತ್ತಾ ನಾನೇ ಎರಡು ಸಲ ಅತ್ತೆ.

(ಅತ್ತೆ ಅಲ್ಲ, ಕಣ್ಣೀರು ಹಾಕಿದೆ. ಬಸ್ಸಿನಲ್ಲಿ ಬರೆದರೆ ಹೀಗೇ.)

ಇನ್ನೊಂದು. ಅಪ್ಪ 'ಬರುತ್ತಾರೆ', ಅತ್ತೆ 'ಬರುತ್ತಾಳೆ'. ಎಂ.ಎ.ಯಲ್ಲಿ ಸ್ತ್ರೀವಾದಿ ತತ್ವಶಾಸ್ತ್ರ ಓದುವವಳ ಡೈರಿ ಇದು! ಇರಲಿ, ಪ್ರೀತಿಗೆ ಏಕವಚನ.

ಫೆಬ್ರವರಿ 4

ಗೈಡ್ ಮೇಡಂ ಹತ್ತಿರ ಒಂದು ನಿಯಮವಿದೆ. ಯಾರ ಬಗ್ಗೆ ಬರೆದಿದ್ದೀವೋ ಅವರಿಗೆ ಪೂರ್ತಿ ಓದಿ ಹೇಳಬೇಕು, ಕೊನೇ ಪುಟದಲ್ಲಿ ಅವರ ಸಹಿ ಬೇಕು. ಸಹಿ ಇಲ್ಲ ಅಂದರೆ ಅಧ್ಯಾಯ ಇಲ್ಲ. ಇಪ್ಪತ್ತೆಂಟಕ್ಕೆ ಸಬ್ಮಿಷನ್. ಅತ್ತೆ ತಾನೇ, ಕೂತಲ್ಲೇ ಹಾಕಿಕೊಡುತ್ತಾಳೆ.

ಫೆಬ್ರವರಿ 5, ಸಂಜೆ

ಹಾಕಲಿಲ್ಲ.

ಓದಿದೆ. ಅತ್ತೆ ಪ್ಯಾಂಟಿನ ಅಂಚು ಹೊಲಿಯುತ್ತಾ ಕೇಳಿದಳು. ಎರಡನೇ ಪುಟದಲ್ಲಿ "ಪಾಪ, ಯಾರೇ ಈ ಹೆಂಗಸು?" ಅಂದಳು.

"ನೀನೇ."

ಸೂಜಿ ನಿಂತಿತು. ಆಮೇಲೆ ನಕ್ಕಳು ನೋಡಿ, ಕೌಂಟರ್ ಹತ್ತಿರ ನಿಂತಿದ್ದ ಗಿರಾಕಿಯೂ ಸುಮ್ಮಸುಮ್ಮನೆ ನಕ್ಕ. "ಅಳತೆ ತಗೊಳ್ದೇ ಕತ್ತರಿ ಹಾಕಿದ್ದೀಯ ಕಣೇ. ಇದಕ್ಕೆ ನಾನು ಸಹಿ ಹಾಕಲ್ಲ."

ಮೈಯೆಲ್ಲ ಉರಿಯಿತು. ಆರು ತಿಂಗಳ ಕೆಲಸ!

ಫೆಬ್ರವರಿ 7

ಮೇಡಂ ಹತ್ತಿರ ಜಾಣತನ ತೋರಿಸಲು ಹೋದೆ. "ಅವಳು ಒಪ್ಪದೇ ಇರೋದೂ ನನ್ನ ವಾದಕ್ಕೇ ಪುರಾವೆ ಅಂತ ಬರೀಲಾ ಮೇಡಂ?"

"ಅವರು ಹೌದು ಅಂದ್ರೂ ನೀನೇ ಸರಿ, ಇಲ್ಲ ಅಂದ್ರೂ ನೀನೇ ಸರಿ. ಹಾಗಾದ್ರೆ ಅವರನ್ನ ಕೇಳೋದ್ಯಾಕೆ?" ಅಂದರು. ನಂತರ ಮೆಲ್ಲಗೆ, "ಅಂದ ಹಾಗೆ, ಎಷ್ಟು ಸಲ ಮಾತಾಡ್ಸಿದ್ದೆ?"

ಒಂದು ಸಲವೂ ಇಲ್ಲ. ಎಲ್ಲಾ ಅಪ್ಪ ಹೇಳಿದ್ದು. ಹೆಣ್ಣಿನ ದನಿಯ ಬಗ್ಗೆ ನಲವತ್ತು ಪುಟ, ಅವಳ ಅಣ್ಣನನ್ನು ಕೇಳಿಕೊಂಡು! ಮೇಡಂ ನಗಲಿಲ್ಲ, ಅದೇ ಪುಣ್ಯ. ಕಿವಿ ಬಿಸಿಯಾಗಿ ಹೊರಗೆ ಬಂದೆ.

ಫೆಬ್ರವರಿ 9

ಕೇಳಿದೆ. ಅತ್ತೆ ಅಂಗಡಿಯ ಶಟರ್ ಅರ್ಧ ಎಳೆದು ಬಂದು ಕೂತಳು.

ಕಣ್ಣಿಗೆ ಏನೂ ಆಗಿಲ್ಲ! ಪೆಟ್ಟು ಬಿದ್ದಿದ್ದು ನಿಜ, ನಾಲ್ಕು ದಿನ ಊದಿಕೊಂಡು ಇಳಿಯಿತು. ಹತ್ತೊಂಬತ್ತಕ್ಕೆ ಮದುವೆ ಅಂತ ಮನೆಯವರು ಕೂತಾಗ, ಬೇಡ ಅಂದಳು. ಯಾರ ಕಿವಿಗೂ ಬೀಳಲಿಲ್ಲ. ನೋಡಲು ಬಂದವರ ಮುಂದೆ ಟೀ ತಟ್ಟೆಯನ್ನು ಟೀಪಾಯಿ ಬಿಟ್ಟು ಹುಡುಗನ ತೊಡೆ ಮೇಲಿಟ್ಟಳು. "ಬಿಸಿ ಟೀ ಕಣೇ. ಎದ್ದವನು ತಿರುಗಿ ನೋಡ್ಲಿಲ್ಲ." ಎರಡನೆಯವನು ಬಂದಾಗ ಅವನ ಸೋದರಮಾವನನ್ನೇ ಹುಡುಗ ಅಂದುಕೊಂಡವಳ ಹಾಗೆ ನಾಚಿಕೊಂಡಳಂತೆ. ಮೂರನೆಯವನು ಬರುವ ಹೊತ್ತಿಗೆ ಊರಿಗೆಲ್ಲ ಸುದ್ದಿ— ಹುಡುಗಿಗೆ ಕಣ್ಣು ಮಂಜು.

ನಕ್ಕು ನಕ್ಕು ಗುಂಡಿ ಡಬ್ಬಿ ಚೆಲ್ಲಿದೆ. ಬಸ್ ನಂಬರ್ ದಿನಾ ಮಹಡಿಯಿಂದಲೇ ಓದಿ ಹೇಳುತ್ತಿದ್ದಳಲ್ಲ! ಕಣ್ಣು ಮಂಜಾಗಿದ್ದು ಯಾರಿಗೆ?

ಗುಂಡಿ ಆರಿಸುತ್ತಾ ಅತ್ತೆ ನಗು ನಿಲ್ಲಿಸಿದಳು. "ಅಣ್ಣನಿಗೆ ಗೊತ್ತಿಲ್ಲ."

ಆ ಚೆಂಡು ಹೊಡೆದಿದ್ದು ಅಪ್ಪ. ತನ್ನಿಂದಲೇ ತಂಗಿಯ ಬಾಳು ಹೀಗಾಯಿತು ಅಂತ ಮೂವತ್ತೊಂದು ವರ್ಷದಿಂದ ಕೊರಗುತ್ತಿದ್ದಾರೆ. ವರ್ಷಕ್ಕೊಂದು ಹೊಸ ಕನ್ನಡಕ ತರುತ್ತಾರೆ, ಅತ್ತೆ ಗುಟ್ಟಾಗಿ ಸಾದಾ ಗಾಜು ಹಾಕಿಸಿ ಹಾಕಿಕೊಳ್ಳುತ್ತಾಳೆ.

"ಮದುವೆ ತಪ್ಪಿಸ್ಕೊಂಡಿದ್ದಕ್ಕೆ ಒಂದು ದಿನಾನೂ ಬೇಜಾರಿಲ್ಲ. ಇದೊಂದು ಮಾತ್ರ ಚುಚ್ಚುತ್ತೆ" ಅಂದಳು. ನಾನು ಬರೆಯುವ ಪ್ರತಿ ಸಾಲನ್ನೂ ಅಪ್ಪ ಓದುತ್ತಾರೆ. ಸುಳ್ಳಿಗೆ ಅತ್ತೆ ಸಹಿ ಹಾಕುವುದಿಲ್ಲ. ನಿಜಕ್ಕೆ ಹಾಕಲು ಧೈರ್ಯವಿಲ್ಲ.

ಫೆಬ್ರವರಿ 18

ನಿಜದ್ದನ್ನು ಬರೆದೆ. ಒಂದೇ ವಾರದಲ್ಲಿ! ಇಷ್ಟು ಖುಷಿಯಿಂದ ಎಂದೂ ಬರೆದಿಲ್ಲ. ಹೊಸ ವಾದ— ಆಯ್ಕೆ ಕೊಡದ ಕಡೆ ಹೆಂಗಸರು ಆಯ್ಕೆಯನ್ನು ಕದಿಯುತ್ತಾರೆ, ಕದ್ದದ್ದಕ್ಕೂ ಬೆಲೆ ಇರುತ್ತದೆ, ಕೆಲವೊಮ್ಮೆ ಅದನ್ನು ಪಕ್ಕದವರು ತೆರುತ್ತಾರೆ. ಮೇಡಂ "ಈಗ ಬಂದೆ ದಾರಿಗೆ" ಅಂದರು.

ಅತ್ತೆಗೆ ಓದಿದೆ. "ಇದು ನಾನೇ" ಅಂದಳು. ಪೆನ್ನು ಮುಟ್ಟಲಿಲ್ಲ.

"ಬಿಡು ಅತ್ತೆ, ಮುಂದಿನ ಸೆಮಿಸ್ಟರ್‌ಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ" ಅಂದೆ. ಮನಸ್ಸಿನಿಂದಲೇ ಅಂದೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆಗೆ ಕೇಳಿಸದ ಹಾಗೆ ಅತ್ತುಬಿಟ್ಟೆ.

ಫೆಬ್ರವರಿ 25

ಒಂದು ವಾರದಿಂದ ಅತ್ತೆಯ ಮಾತೆಲ್ಲ ಮಿಷನ್ ಜೊತೆ. ಇವತ್ತು ಮಧ್ಯಾಹ್ನ ಫೋನ್ ಎತ್ತಿಕೊಂಡಳು. "ಅಣ್ಣಾ, ಭಾನುವಾರ ಬಾ. ನಿನ್ನ ಮಗಳು ಏನೋ ಒಂದು ಓದ್ತಾಳಂತೆ, ಕೂತು ಕೇಳ್ಬೇಕು." ನನ್ನ ಕಡೆ ತಿರುಗಿ, "ನಿಲ್ಲಿಸದೇ ಓದು. ನಿಲ್ಲಿಸಿದ್ರೆ ನಾನು ಎದ್ದು ಹೋಗ್ಬಿಡ್ತೀನಿ."

ಫೆಬ್ರವರಿ 27, ಭಾನುವಾರ, ಸಂಜೆ 5:10

ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಟೀಗೆ ನೀರಿಟ್ಟಿದ್ದೇನೆ.

ನಿಲ್ಲಿಸದೇ ಓದಿದೆ. ಟೀ ತಟ್ಟೆಯ ಪ್ರಸಂಗಕ್ಕೆ ಅಪ್ಪ ನಗಲಿಲ್ಲ. ಮುಗಿದಾಗ ಮುಖ ಕೆಂಪಗಾಗಿತ್ತು. "ಮೂವತ್ತೊಂದು ವರ್ಷ" ಅಂದರು.

"ತಪ್ಪು ನಂದೇ ಅಣ್ಣ. ಬೇಡ ಅಂದಾಗ ಯಾರೂ ಕೇಳ್ಲಿಲ್ಲ. ಕಣ್ಣು ಕಾಣಲ್ಲ ಅಂದಾಗ ಎಲ್ರೂ ಕೇಳಿದ್ರು."

"ನನಗೆ ಹೇಳ್ಬೇಕಿತ್ತು!"

"ನಿನಗೇ ಮೊದಲು ಹೇಳಿದ್ದೆ. ನೀನು ಪೇಪರ್ ಓದ್ತಿದ್ದೆ. ಹ್ಞೂಂ ಅಂದೆ."

ಅಪ್ಪ ಬಾಲ್ಕನಿಗೆ ಎದ್ದುಹೋದರು. ತುಂಬಾ ಹೊತ್ತು ಬರಲಿಲ್ಲ. ಬಂದವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಅತ್ತೆಯ ಮುಂದಿಟ್ಟರು. ಅತ್ತೆ ಸಹಿ ಹಾಕಿದಳು. ಎಷ್ಟು ದೊಡ್ಡ ಸಹಿ! ಅರ್ಧ ಪುಟ.

ಈಗ ಹಾಲ್ ಕಡೆಯಿಂದ ಕೇಳಿಸುತ್ತಿದೆ, ಅಪ್ಪನ ದನಿ. "ಮೊದಲಿಂದ ಹೇಳು. ಯಾಕೆ ಬೇಡ ಅಂದೆ ಆಗ? ಏನು ಮಾಡ್ಬೇಕು ಅಂತಿದ್ದೆ?" ಅತ್ತೆ ಗಂಟಲು ಸರಿ ಮಾಡಿಕೊಂಡಳು. ಅಪ್ಪ ಕೂಗುತ್ತಿದ್ದಾರೆ— "ಟೀ ಆಮೇಲೆ ಮಾಡು, ಬಾ ಇಲ್ಲಿ, ಇವಳು ಶುರು ಮಾಡ್ತಿದ್ದಾಳೆ!"

ಬಂದೆ ಅಪ್ಪ, ಗ್ಯಾಸ್ ಆರಿಸಿ—